ಆಯಿಲ್ ಕುಡಿಯದ ಕಾರು

"ಕಳ್ಳ! ಪೆಟ್ರೋಲ್ ಕಳ್ಳ!"

ದಿರೆ ದಾವಾ ಊರಿನ ರೈಲು ನಿಲ್ದಾಣದ ಎದುರಿನ ಟ್ಯಾಕ್ಸಿ ಸಾಲಿನಲ್ಲಿ ಶಿಮೆಲಿಸ್ ಕೂಗಿದ ಕೂಗಿಗೆ ಕಾಫಿ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರು. ತನ್ನ ಹಳೆಯ ನೀಲಿ ಪ್ಯೂಜೋ ಕಾರಿನ ಟ್ಯಾಂಕಿಗೆ ಅವನು ಇಳಿಸಿದ್ದ ಕೋಲು ತುದಿಯಲ್ಲೂ ಒದ್ದೆಯಾಗಿರಲಿಲ್ಲ. ನಿನ್ನೆ ಅವನೇ ಕೈಯಾರೆ ಪೆಟ್ರೋಲ್ ಹಾಕಿ, ಮುಚ್ಚಳಕ್ಕೆ ಬೀಗ ಜಡಿದು, ಕೀಲಿಯನ್ನು ಕೊರಳಿಗೆ ನೇತುಹಾಕಿಕೊಂಡು ಹೋಗಿದ್ದ. ಈಗ ಟ್ಯಾಂಕ್ ಬರಿದು. ಈ ವಾರದಲ್ಲಿ ಇದು ಮೂರನೆಯ ಸಲ.

ಆಮೇಲೆ ಗಾಡಿ ಓಡಿಸಿದವನು ಡ್ರೈವರ್ ಮುಮೆ ಒಬ್ಬನೇ. ಅವನ ಟೋಪಿ ಆಗಲೇ ಮಣ್ಣಿನಲ್ಲಿ ಬಿದ್ದಿತ್ತು. ಶಿಮೆಲಿಸ್ ಹೊಡೆದು ಬೀಳಿಸಿದ್ದ.

ಕಾಫಿ ಅಂಗಡಿಯ ನೆರಳಿನಲ್ಲಿ ಕೂತಿದ್ದ ಸಂಬತು ಬಟ್ಟಲನ್ನು ಕುಕ್ಕಿದಳು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದ ಮೇಲೆ ಟ್ಯಾಕ್ಸಿ ಸಂಘದ ವ್ಯಾಜ್ಯಗಳೆಲ್ಲ ಅವಳ ತಲೆಗೇ ಬಂದು ಬೀಳುತ್ತಿದ್ದವು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಕೈ ಕಟ್ಟಿ ನಿಂತವನ ಮೇಲೆ ಕೈ ಎತ್ತುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಟೋಪಿ ಎತ್ತಿಕೊಡು, ಶಿಮೆಲಿಸ್."

"ಅಕ್ಕ, ಇವನು—"

"ಮೊದಲು ಟೋಪಿ!"

ಅವನು ಎತ್ತಿಕೊಟ್ಟ, ಕೊಡವಲಿಲ್ಲ. "ಇವತ್ತೇ ಸಾಲಿಂದ ಇವನ ಹೆಸರು ಹೊಡೆದುಹಾಕ್ಬೇಕು. ಎಲ್ಲರೂ ಒಪ್ಪಿದ್ದಾರೆ."

ಸುತ್ತ ನಿಂತವರು ತಲೆಯಾಡಿಸಿದರು. ಸಂಬತುವಿಗೆ ಪಿತ್ತ ನೆತ್ತಿಗೇರಿತು. ಪೆಟ್ರೋಲ್‌ಗಾಗಿ ಊರೇ ಪರದಾಡುತ್ತಿದ್ದ ಕಾಲ ಅದು. ಪೆಟ್ರೋಲ್ ಕಳ್ಳನೆಂದು ಹೆಸರು ಹೊಡೆಸಿಕೊಂಡವನಿಗೆ ಇಲ್ಲಿ ಇರಲಿ, ಬೆಟ್ಟದ ಮೇಲಿನ ಹರಾರ್‌ನಲ್ಲೂ ಯಾರೂ ಸ್ಟೀರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಸ್ಟೀರಿಂಗ್ ಬಿಟ್ಟು ಮುಮೆಗೆ ಬೇರೆ ಬದುಕು ಗೊತ್ತಿರಲಿಲ್ಲ.

"ಒಪ್ಪೋಕೆ ನೀವ್ಯಾರ್ರೀ? ಮುಮೆ, ನೀನು ಹೇಳು. ಕದ್ದೆಯಾ?"

"ಇಲ್ಲ ಅಕ್ಕ."

"ಮತ್ತೆ ಪೆಟ್ರೋಲ್ ಎಲ್ಲಿ?"

"ಗೊತ್ತಿದ್ರೆ ಈ ಏಟು ತಿಂತಿದ್ನಾ? ದೆಂಗೆಗೊ ಏರಿನಲ್ಲಿ ಗಾಡಿ ಉಸಿರು ಕಟ್ಟುತ್ತೆ. ಕೆಮ್ಮಿ ಕೆಮ್ಮಿ ನಿಲ್ಲುತ್ತೆ. ಮೇಸ್ತ್ರಿ ಮೂರು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದ್ರು. ಮತ್ತೆ ಅದೇ ಕಥೆ."

"ಅದೇ ಸಾಕ್ಷಿ!" ಮೇಸ್ತ್ರಿ ಗಿರ್ಮಾಯ್ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. ಈ ಸಾಲಿನ ಮುಕ್ಕಾಲು ಪಾಲು ಕಾರುಗಳಿಗೆ ಅವನೇ ವೈದ್ಯ. "ಟ್ಯಾಂಕಿಗೆ ಬೀಗ ಇದ್ರೇನಕ್ಕ? ಕಾರ್ಬುರೇಟರ್ ಹತ್ರ ಪೈಪ್ ಕಿತ್ತು, ಒಂದು ಡಬ್ಬ ಹಿಡಿದ್ರೆ ಆಯ್ತು. ದಿನಾ ಪೈಪ್ ಕಿತ್ರೆ ಗಾಳಿ ಎಳೆದು ಗಾಡಿ ಕೆಮ್ಮದೆ ಹಾಡುತ್ತಾ? ಡಿಕ್ಕಿ ನೋಡಿ, ಡಬ್ಬ ಅಲ್ಲೇ ಇದೆ."

ಡಬ್ಬ ಇತ್ತು. ಮೂಸಿದರೆ ಪೆಟ್ರೋಲ್ ವಾಸನೆಯೂ ಇತ್ತು.

"ಡಬ್ಬ ಯಾರ ಡಿಕ್ಕೀಲಿ ಇಲ್ಲ?" ಸಂಬತು ಗುಂಪಿನತ್ತ ತಿರುಗಿದಳು. "ತೆಗೀರಿ ನೋಡೋಣ ನಿಮ್ಮ ನಿಮ್ಮ ಡಿಕ್ಕಿ!"

ಯಾರೂ ಅಲುಗಲಿಲ್ಲ.

"ಶಿಮೆಲಿಸ್, ಕಳ್ಳತನ ಅಂತ ನಿನಗೆ ಮೊದಲು ಹೊಳೆದಿದ್ದಾ, ಯಾರಾದ್ರೂ ಹೇಳಿದ್ರಾ?"

"ಮೇಸ್ತ್ರೀನೇ ಹೇಳಿದ್ದು. ಅವರು ಸುಳ್ಳು ಹೇಳಲ್ಲಕ್ಕ. ದೇವರಂಥ ಕೈ! ಮೊದಲು ಈ ದರಿದ್ರ ಗಾಡಿ ವಾರವಾರ ಆಯಿಲ್ ಕುಡೀತಿತ್ತು. ಇವರು ಕೈಯಿಟ್ಟ ಮೇಲೆ ಒಂದು ತೊಟ್ಟು ಆಯಿಲ್ ಹಾಕಿಲ್ಲ ನಾನು."

ಗಿರ್ಮಾಯ್ ನಕ್ಕ. ಸಂಬತು ನಗಲಿಲ್ಲ.

"ಏನೇನು ರಿಪೇರಿ ಮಾಡಿದೆ, ಮೇಸ್ತ್ರಿ?"

"ಕಾರ್ಬುರೇಟರ್ ತೊಳೆದೆ. ಎಂಜಿನ್ ಪಕ್ಕದ ಪಂಪಿಗೆ ಹೊಸ ರಬ್ಬರ್ ಪೊರೆ ಹಾಕಿದೆ. ಟ್ಯಾಂಕಿಂದ ಪೆಟ್ರೋಲ್ ಎಳೆದು ಮೇಲೆ ಕಾರ್ಬುರೇಟರ್‌ಗೆ ಕಳಿಸೋದು ಅದೇ. ಜಿಬೂಟಿಯಿಂದ ತರಿಸಿದ ಅಸಲಿ ಮಾಲು."

"ಪಿಸ್ಟನ್ ಬಿಚ್ಚಿದ್ಯಾ?"

"ಇಲ್ಲ."

"ಸರಿ. ಮುಮೆ, ಕಳೆದ ಸಲ ಗ್ಯಾರೇಜಿನಲ್ಲಿ ಏನು ನಡೀತು? ಒಂದೂ ಬಿಡದೆ ಹೇಳು."

"ಕಾರ್ಬುರೇಟರ್ ತೊಳೆದ್ರು... ಆಮೇಲೆ ನನ್ನನ್ನ ಸಿಗರೇಟ್ ತರೋಕೆ ಕಳಿಸಿದ್ರು. ವಾಪಸ್ ಬಂದಾಗ ಕೆಳಗಿಂದ ಸ್ವಲ್ಪ ಆಯಿಲ್ ಇಳಿಸ್ತಿದ್ರು. 'ಜಾಸ್ತಿಯಾಗಿದೆ' ಅಂದ್ರು."

ಎಣ್ಣೆಬಟ್ಟೆ ಗಿರ್ಮಾಯ್ ಕೈಯಲ್ಲಿ ನಿಂತುಹೋಯಿತು.

ಸಂಬತು ಬಾನೆಟ್ ಎತ್ತಿದಳು. ಆಯಿಲ್ ಅಳೆಯುವ ಕಡ್ಡಿ ಎಳೆದಳು. ಗುರುತನ್ನೂ ದಾಟಿ ಮೇಲಕ್ಕೆ ಹತ್ತಿತ್ತು ಆಯಿಲ್, ನೀರಿನಂತೆ ತೆಳ್ಳಗೆ. ಮೂಸಿ ಮುಖ ಸಿಂಡರಿಸಿದಳು. ಯಾರಿಗೂ ಏನೂ ಹೇಳದೆ ಕಡ್ಡಿ ಹಿಡಿದುಕೊಂಡೇ ರಸ್ತೆ ದಾಟಿ ಕಾಫಿ ಅಂಗಡಿಗೆ ನಡೆದಳು. ಗುಂಪು ಹಿಂದೆಯೇ ಬಂತು. ಕಾಫಿ ಪಾತ್ರೆ ಇಳಿಸಿಟ್ಟ ಇದ್ದಿಲ ಒಲೆಯ ಮೇಲೆ ಕಡ್ಡಿಯಿಂದ ಎರಡು ಹನಿ ಬಿಟ್ಟಳು.

ಭಗ್ ಎಂದು ಬೆಂಕಿ ಎದ್ದಿತು. ಅಂಗಡಿಯಾಕೆ ಚೀರಿ ಹಿಂದೆ ಸರಿದಳು.

"ಬರೀ ಆಯಿಲ್ ಆಗಿದ್ರೆ ಮೊದಲು ಹೊಗೆಯಾಡ್ತಿತ್ತು," ಸಂಬತು ಅಂದಳು. "ಇದು ಪೆಟ್ರೋಲ್! ಶಿಮೆಲಿಸ್, ಮುದಿ ಎಂಜಿನ್ ಆಯಿಲ್ ಕುಡಿಯೋದು ಬಿಟ್ಟಿತು ಅಂತ ಕುಣಿದ್ಯಲ್ಲ, ಆಯಿಲ್ ಸುಡೋ ಸವೆದ ಪಿಸ್ಟನ್ನನ್ನೇ ಮುಟ್ಟದೆ ಹೇಗಪ್ಪಾ ಬಿಡುತ್ತೆ? ಅದು ಕುಡೀತಾನೇ ಇತ್ತು. ಖಾಲಿಯಾದಷ್ಟೂ ಪೆಟ್ರೋಲ್ ಬಂದು ತುಂಬ್ತಿತ್ತು!"

"ಎಲ್ಲಿಂದ?"

"ಪಂಪಿನ ಪೊರೆ ಹರಿದಿದೆ. ಒಂದು ಪಾಲು ಎಂಜಿನ್ ಒಳಗೆ ಇಳೀತು, ಇನ್ನೊಂದು ಪಾಲು ಪಂಪಿನ ಅಡಿಯ ತೂತಿಂದ ರಸ್ತೆಗೆ. ಈ ಬಿಸಿಲಿಗೆ ಕಲೆ ಕೂಡ ಉಳಿಯಲ್ಲ. ಏರಿನಲ್ಲಿ ಕಾರ್ಬುರೇಟರ್‌ಗೆ ಪೆಟ್ರೋಲ್ ಸಾಲದೆ ಗಾಡಿ ಕೆಮ್ತಿತ್ತು. ಬಿಚ್ಚು ಮೇಸ್ತ್ರಿ ಆ ಪಂಪು. ಎಲ್ಲರೂ ನೋಡ್ಲಿ."

"ಬಿಸಿ ಇದೆ ಅಕ್ಕ, ಸಂಜೆಗೆ—"

"ನಾನೇ ಬಿಚ್ತೀನಿ," ಅಂದ ಮುಮೆ.

ಪೊರೆ ಹೊರಬಂತು. ಊದಿಕೊಂಡು, ಮೆತ್ತಗಾಗಿ, ನಡುವೆ ಸೀಳಿತ್ತು. ಒಂದು ಅಂಚಿನಲ್ಲಿ ಒರಟು ಗೀರುಗಳಿದ್ದವು. ಪಂಚರ್ ಅಂಟಿಸುವ ಮೊದಲು ಟ್ಯೂಬನ್ನು ಉಜ್ಜುವ ಗೀರುಗಳು. ಅಲ್ಲಿದ್ದ ಪ್ರತಿ ಡ್ರೈವರಿಗೂ ಅವುಗಳ ಗುರುತು ಚೆನ್ನಾಗಿತ್ತು.

"ಟಯರ್ ಟ್ಯೂಬು!" ಸಂಬತು ಪೊರೆಯನ್ನು ಗಿರ್ಮಾಯ್‌ನ ಮುಖಕ್ಕೆ ಹಿಡಿದಳು. "ಪೆಟ್ರೋಲ್‌ನಲ್ಲಿ ನೆನೆದ್ರೆ ಕೊಳೆಯೋ ಟ್ಯೂಬನ್ನ ಕತ್ತರಿಸಿ ಜಿಬೂಟಿ ಮಾಲು ಅಂದೆ. ಹೋಗಲಿ, ಅದು ನಿನ್ನ ದುರಾಸೆ. ಆದ್ರೆ ಯಾರೂ ಹಾಕದ ಆಯಿಲ್ ಜಾಸ್ತಿ ಆಗಿದೆ ಅಂತ ಇಳಿಸಿದ್ಯಲ್ಲ, ಆವತ್ತೇ ನಿನಗೆ ಗೊತ್ತಾಗಿತ್ತು. ಗೊತ್ತಿದ್ದೂ ಇವನ ತಲೆಗೆ ಕಳ್ಳತನ ಕಟ್ಟಿದೆ. ಕಳ್ಳ ನೀನು, ಗಿರ್ಮಾಯ್! ಯಾಕೋ? ಇನ್ನೊಂದು ಪೊರೆ ಹಾಕಿ ಬಾಯಿ ಮುಚ್ಕೊಂಡು ಇರಬಹುದಿತ್ತಲ್ಲ?"

"ಅಸಲಿ ಪೊರೆ ಎಲ್ಲೂ ಸಿಗಲ್ಲಕ್ಕ... ಇದೊಂದು ಬಯಲಾದ್ರೆ ಉಳಿದವರೂ..." ಅವನು ನಾಲಿಗೆ ಕಚ್ಚಿಕೊಂಡ.

"ಉಳಿದವರೂ?"

ಗುಂಪಿನಲ್ಲಿದ್ದವರೆಲ್ಲ ತಮ್ಮ ತಮ್ಮ ಕಾರಿಗೆ ಓಡಿದರು. ಸಾಲಿನುದ್ದಕ್ಕೂ ಬಾನೆಟ್‌ಗಳು ಎದ್ದವು, ಕಡ್ಡಿಗಳು ಹೊರಬಂದವು, ಬೈಗುಳ ಶುರುವಾಯಿತು. ಮುಮೆಯ ಹೆಸರು ಹೊಡೆಯಲು ತಲೆಯಾಡಿಸಿದವರೇ ಈಗ ಗಿರ್ಮಾಯ್‌ನ ಕೊರಳಪಟ್ಟಿ ಹಿಡಿದರು. ಸಂಬತುವಿಗೆ ಅವರನ್ನು ಕಂಡೂ ಅಸಹ್ಯವಾಯಿತು.

ಶಿಮೆಲಿಸ್ ಮುಮೆಯ ಹೆಗಲು ತಟ್ಟಿ ಕಾರಿನ ಕೀಲಿ ಚಾಚಿದ. "ಆಗಿದ್ದು ಆಯ್ತು ಬಿಡೋ. ಹೊಸ ಪೊರೆ ಎಲ್ಲಿಂದಾದ್ರೂ ತರಿಸ್ತೀನಿ. ನೀನು ಕಳ್ಳ ಅಲ್ಲ."

ಮುಮೆ ಟೋಪಿಯ ಮಣ್ಣು ಕೊಡವಿ ತಲೆಗಿಟ್ಟುಕೊಂಡ. "ಯಜಮಾನ್ರೇ, ಕಳ್ಳ ಅಂದಾಗ ರೈಲು ನಿಲ್ದಾಣಕ್ಕೆ ಕೇಳಿಸ್ತು. ಅಲ್ಲ ಅಂದಿದ್ದು ನನಗೇ ಸರಿಯಾಗಿ ಕೇಳಿಸ್ಲಿಲ್ಲ."

ಶಿಮೆಲಿಸ್ ಸಂಬತುವಿನತ್ತ ನೋಡಿದ. ಅವಳ ಮುಖದಲ್ಲಿ ದಯೆ ಇರಲಿಲ್ಲ. "ಮುಮೆ ಕಳ್ಳ ಅಲ್ಲ!" ಎಂದು ಅವನು ಕೂಗಿದ. ಬಾನೆಟ್‌ಗಳ ಮೇಲೆ ಬಗ್ಗಿದ್ದ ತಲೆಗಳೆಲ್ಲ ಎದ್ದವು.

"ಈಗ ಕೀಲಿ ಹಿಡಿ."

"ಇದಲ್ಲ," ಅಂದ ಮುಮೆ. ಯಜಮಾನನ ಕೊರಳಲ್ಲಿ ನೇತಾಡುತ್ತಿದ್ದ ಟ್ಯಾಂಕಿನ ಪುಟ್ಟ ಕೀಲಿಯ ಮುಂದೆ ಅಂಗೈ ಒಡ್ಡಿದ. "ಅದು ಕೊಡಿ."

ಶಿಮೆಲಿಸ್ ತಲೆ ಬಗ್ಗಿಸಿ ದಾರ ಬಿಚ್ಚತೊಡಗಿದ.