ಹೊನ್ನಿನ ಸಗಣಿ ಹಾಕಿದ ಹೋರಿ

ಬಟ್ಟೆಗೆ ಹುಣಸೆಬೀಜದ ಸರಿ, ಅದೇ ಅಂಟುಗಂಜಿ, ಬಳಿದು, ಇದ್ದಿಲು ತಿಕ್ಕಿ, ಮಡಿಕೆ ಮಡಿಕೆಯಾಗಿ ಮಾಡುತ್ತಿದ್ದರಲ್ಲ, ಬಳಪದಲ್ಲಿ ಲೆಕ್ಕ ಬರೆಯುವ ಕರಿ ಪುಸ್ತಕ, ಅದಕ್ಕೇನೋ ಹೆಸರಿತ್ತು. ಕಡಗವಲ್ಲ, ಕಡಸಲ್ಲ... ಇರಲಿ, ಕತೆಯ ದಾರಿಯಲ್ಲಿ ಸಿಕ್ಕೀತು.

ಏಳು ಕೆರೆಗಳಾಚೆ ಕಣಗಿಲೆಪುರವೆಂಬ ರಾಜ್ಯ. ಮಾರಭೂಪ ಅದರ ಅರಸ. ಒಳ್ಳೆಯವನೇ, ಆದರೆ ಕೈಯಲ್ಲಿ ಕಾಸು ನಿಲ್ಲದು. ಕೆರೆ ಕಟ್ಟಿಸಿದ, ಗಂಜಿಮನೆ ತೆರೆದ, ಆನೆಗಳಿಗೆ ಗಾಜಿನ ಲಾಯವನ್ನೂ ಕಟ್ಟಿಸಿದ. ಬೊಕ್ಕಸ ಬರಿದಾದಾಗ ಕರಿಮುಗಿಲನೆಂಬ ಮಾಂತ್ರಿಕ ಒಂದು ಹೋರಿ ತಂದು ಸಾಲ ಕೊಟ್ಟ. ಅದು ಹೊನ್ನಿನ ಸಗಣಿ ಹಾಕುತ್ತಿತ್ತು.

“ಮೇವೇನು?” ಎಂದ ಅರಸ.

“ಹುಲ್ಲು ಮುಟ್ಟದು ಪ್ರಭು. ಯುಗಾದಿಗೊಮ್ಮೆ, ನಾಳೆ ಹುಟ್ಟುವವರ ಪಾಲಿನಿಂದ ಒಂದು ತುತ್ತು ಸಾಕು.”

ಮೊದಲ ಯುಗಾದಿಗೆ ಹೋರಿ ಕಬ್ಬಿನ ಸಿಹಿ ತಿಂದಿತು. ಬೇವುಬೆಲ್ಲದಲ್ಲಿ ಬೇವಷ್ಟೇ ಉಳಿಯಿತು. ಎರಡನೆಯದಕ್ಕೆ ಮಲ್ಲಿಗೆಯ ಕಂಪು ತಿಂದಿತು. ಮುದುಕಿಯರು ಹಳೆಯ ಸೀರೆಗಳ ಮಡಿಕೆ ಬಿಡಿಸಿ ಕಂಪು ಹುಡುಕಿದರು. ತಿಂದಷ್ಟೂ ಹೋರಿ ಬೆಳೆಯಿತು. ಅದು ಹಾಕಿದ ಹೊನ್ನೆಲ್ಲ ಸಾಲವೆಂದು ಕರಿ ಪುಸ್ತಕಕ್ಕೆ ಏರುತ್ತಿತ್ತು, ಒಟ್ಟು ಎಷ್ಟೆಂದು ಯಾರಿಗೂ ತಿಳಿಯದು. ಯುಗಾದಿಯಂದು ಕರಿ ಪುಸ್ತಕಕ್ಕೆ ಹೊಸ ಸರಿ ಬಳಿಯುವುದು ಆ ನಾಡಿನ ಪದ್ಧತಿ. ಬಳಿದರೆ ಹಳೆಯದೆಲ್ಲ ತೀರಿತೆಂದು ಅರಸ ನಂಬಿದ್ದ.

ಸರಿ ಬಳಿಯುವವಳು ನೀಲವ್ವ, ಏಳು ತಿಂಗಳ ಬಸುರಿ. ಮೂರನೆಯ ಯುಗಾದಿಗೆ ಹೋರಿ ಜೋಗುಳಗಳನ್ನು ತಿನ್ನುತ್ತದೆಂದು ಡಂಗುರವಾಯಿತು. ತಾಯಿ ಅವಳಿಗೆ ಬಿಟ್ಟುಹೋದ ಆಸ್ತಿಯೆಂದರೆ ಒಂದೇ ಒಂದು ಜೋಗುಳ.

ಅವಳು ಬಳಿಯಲಿಲ್ಲ. ಆ ಪುಸ್ತಕವನ್ನು... ಹಾಂ, ಕಡತ! ಆ ಕಡತವನ್ನು ಬಿಸಿನೀರಲ್ಲಿ ನೆನೆಸಿದಳು. ಸರಿ ಪದರ ಪದರವಾಗಿ ಎದ್ದುಬಂತು. ಅಡಿಯಲ್ಲಿ ಹಳೆಯ ಲೆಕ್ಕವೆಲ್ಲ ಬೆಳ್ಳಗೆ ಮಿನುಗಿತು.

ಅದನ್ನು ಹೊತ್ತು ಆಸ್ಥಾನಕ್ಕೆ ಹೋದಳು. “ಬುದ್ಧೀ, ಸಾಲ ತೀರಿಲ್ಲ, ಮುಸುಕು ಹಾಕಿಕೊಂಡು ಕೂತಿದೆ. ನೂರು ಹೊನ್ನಿನಲ್ಲಿ ಎಪ್ಪತ್ತು ಹೋರಿಯ ಗೆಜ್ಜೆ, ಜೂಲು, ಆಳುಗಳ ಉಪಚಾರಕ್ಕೇ ಹೋಗಿದೆ.”

ಕರಿಮುಗಿಲ ನಕ್ಕ. “ಹಾಗಾದರೆ ಗಂಜಿಮನೆ ಮುಚ್ಚಿಸಿ ಪ್ರಭು.”

“ಗಂಜಿ ಕುಡಿದವನು ನಾಳೆ ಹೊಲ ಉಳುತ್ತಾನೆ. ನಿನ್ನ ಹೋರಿ ಉಳುತ್ತದೆಯೇನಪ್ಪ?” ಎಂದಳು ನೀಲವ್ವ.

ಸಭೆ ಗೊಳ್ಳೆಂದಿತು. ಅರಸ ಗಾಜಿನ ಲಾಯ ಮಾರಿ, ಬಂದ ಹೊನ್ನನ್ನು ಹೋರಿಯ ಮುಂದೆ ಸುರಿದ. ಹೋರಿ ಕರುವಾಯಿತು, ಕಬ್ಬು ಸಿಹಿಯಾಯಿತು. ರತ್ನದ ಛತ್ರಿ ಮಾರಿ ಸುರಿದ. ಕರು ಮೇಕೆಮರಿಯಾಯಿತು, ಮಲ್ಲಿಗೆ ಘಮ್ಮೆಂದಿತು. ಇನ್ನೊಂದು ಪಾಲು ಸಾಲ ಉಳಿಯಿತು. ನೀಲವ್ವ ಕಡತದಲ್ಲಿ ಕಂದಾಯದ ಬಾಕಿಯ ಸಾಲಿಗೆ ಬೆರಳಿಟ್ಟಳು. ಅರಸನ ಸೋದರಮಾವಂದಿರು ತಲೆತಲಾಂತರದಿಂದ ಕಂದಾಯ ಕೊಟ್ಟವರಲ್ಲ.

“ಅವರನ್ನು ಕೇಳುವುದು ಹೇಗಮ್ಮ?” ಎಂದ ಅರಸ.

“ನಮ್ಮನ್ನು ಕೇಳುವ ಹಾಗೆಯೇ, ಬುದ್ಧೀ.”

ಕೇಳಿದ. ಮಾವಂದಿರು ಗೊಣಗುತ್ತ ಕೊಟ್ಟರು. ಮೇಕೆಮರಿ ಹಲ್ಲಿಯಾಯಿತು, ಹಲ್ಲಿ ಹೊಗೆಯಾಯಿತು. ಅದರ ಉಸಿರಿನಿಂದಲೇ ಬದುಕಿದ್ದ ಕರಿಮುಗಿಲ ನಿಂತಲ್ಲೇ ಇದ್ದಿಲಾದ. ಆ ಇದ್ದಿಲನ್ನೇ ಅರೆದು ನೀಲವ್ವ ಹೊಸ ಕಡತಕ್ಕೆ ತಿಕ್ಕಿದಳು. ಹಳೆಯದನ್ನು ಮಾತ್ರ ಎಲ್ಲರೂ ಓದಲೆಂದು ಅರಮನೆಯ ಬಾಗಿಲಿಗೆ ತೂಗಿಸಿದಳು. ಎರಡು ತಿಂಗಳಿಗೆ ಹೆಣ್ಣುಮಗು ಹುಟ್ಟಿತು. ಅವ್ವನ ಜೋಗುಳ ಒಂದು ಪದವೂ ತಪ್ಪದೆ ಬಂತು. ಅದನ್ನು ಕೇಳುತ್ತ ನಾಡೆಲ್ಲ ನೆಮ್ಮದಿಯಾಗಿ ಮಲಗಿತು, ಎದ್ದು ಸುಖವಾಗಿ ಬಾಳಿತು.

ನಮ್ಮೂರಿನ ಆ ಹುಣಸೆ ಸರಿಯ ವಾಸನೆ ಇನ್ನೂ ಮೂಗಿನಲ್ಲಿದೆ. ಈ ಊರಿನಲ್ಲಿ ಆ ಹೆಸರು ಹೇಳುವವರೇ ಇಲ್ಲ. ಪುಟ್ಟೀ, ಬರೆದಿಟ್ಟುಕೋ, ಕಡತ. ಪೆನ್ಸಿಲ್ ಬೇಡ ಮಗಾ, ಅಳಿಸಿಹೋಗುತ್ತೆ. ಪೆನ್ನಿನಲ್ಲಿ ಬರೆ.