ಪ್ಲಾಸ್ ನೆವಿದ್ ಮನೆಯ ಎರಡನೇ ಹಾಳೆ

ಮೊದಲ ಹಾಳೆ ಅಸಲಿ. ಎರಡನೆಯದು ನಕಲಿ.

ವೇಲ್ಸಿನ ಮ್ಯೂಸಿಯಂನಿಂದ ಬೆಳಿಗ್ಗೆ ಬಂದ ಮೇಲ್‌ನ ಸಾರಾಂಶ ಇಷ್ಟೇ ಎಂದ ಝಿಯಾದ್. ಅವನ ತಂದೆ ಕಮರುದ್ದೀನ್ ಹಾಜಿ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಮೇಜಿನ ಮೇಲೆ ಒಂದು ಚೌಕಟ್ಟು. ಗಾಜಿನೊಳಗೆ ಹಳದಿಯಾದ ಎರಡು ಹಾಳೆ.

ಸಬ್ ಇನ್‌ಸ್ಪೆಕ್ಟರ್ ಪ್ರಭಾ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟಳು. ಬಲ್ಮಠದ ಈ ಬಂಗಲೆಯ ಮುಂದೆ ಅವಳು ನೂರು ಸಲ ಹಾದುಹೋಗಿದ್ದಳು. ಗೇಟಿನ ಕಂಬದ ಮೇಲೆ 'ಪ್ಲಾಸ್ ನೆವಿದ್' ಎಂದಿರುವುದನ್ನು ಕಂಡು, ಯಾವುದೋ ಮಾತ್ರೆ ಕಂಪನಿಯ ಆಫೀಸು ಇರಬೇಕು ಎಂದುಕೊಂಡಿದ್ದಳು.

"ಇದೆಂತ ಹೆಸರು ಹಾಜಿಯವರೇ?"

"ಪಣಂಬೂರಿನಲ್ಲಿ ಬಂದರು ಕಟ್ಟುವಾಗ ಓವೆನ್ ಅಂತ ಒಬ್ಬರು ಇಂಜಿನಿಯರ್ ಇದ್ದರು. ವೇಲ್ಸಿನವರು. ನಮ್ಮ ತಂದೆಯ ಈ ಮನೆಯಲ್ಲಿ ಬಾಡಿಗೆಗಿದ್ದರು. ಅವರ ಊರಿನ ಒಂದು ಮನೆಯ ಹೆಸರು ಇದು. ಇನ್ನೂರು ವರ್ಷದ ಹಿಂದೆ ಐರ್ಲೆಂಡಿನ ಇಬ್ಬರು ಹೆಂಗಸರು, ದೊಡ್ಡ ಮನೆತನದವರು, ಮದುವೆಯೇ ಬೇಡ ಅಂತ ಓಡಿಬಂದು ಆ ಮನೆಯಲ್ಲಿ ಒಟ್ಟಿಗೆ ಇದ್ದರಂತೆ. ಐವತ್ತು ವರ್ಷ! ದೊಡ್ಡ ದೊಡ್ಡವರೆಲ್ಲ ಅವರನ್ನು ನೋಡ್ಲಿಕ್ಕೆ ಬರ್ತಿದ್ದರಂತೆ. ಈ ಕಾಗದ ಅವರಲ್ಲಿ ಒಬ್ಬರು ಬರೆದದ್ದು. ಓವೆನ್ ಊರಿಗೆ ಹೋಗುವಾಗ ತಂದೆಗೆ ನೆನಪಿಗೆ ಕೊಟ್ಟರು."

"ಮ್ಯೂಸಿಯಂಗೆ ಎಂತಕ್ಕೆ ಕಳಿಸಿದ್ದು?"

"ನನ್ನ ನಂತರ ಯಾರು ನೋಡಿಕೊಳ್ತಾರೆ? ಅಲ್ಲಿಯೇ ಇರಲಿ ಅಂತ ದಾನ ಕೊಡುವವನಿದ್ದೆ. ಫೋಟೋ ಕೇಳಿದರು, ಕಳಿಸಿದೆವು. ಎರಡನೇ ಹಾಳೆಯ ಕೈಬರಹ ಬೇರೆಯವರದ್ದಂತೆ."

ಝಿಯಾದ್ ಅಡುಗೆಮನೆಯ ಬಾಗಿಲ ಕಡೆ ನೋಡಿದ. "ಈ ಕಾಗದ ಇಡುವ ಕಪಾಟಿನ ಕೀ ಇರುವುದು ಒಬ್ಬರ ಹತ್ತಿರ ಮಾತ್ರ ಮೇಡಂ. ನಾಳೆಯಿಂದ ಬರಬೇಡಿ ಅಂತ ಹೇಳಿ ಆಗಿದೆ. ನೀವು ಕೇಸ್ ಹಾಕಿ."

ಬಾಗಿಲಲ್ಲಿ ನಬೀಸಾ ನಿಂತಿದ್ದಳು. ಇಪ್ಪತ್ತೆರಡು ವರ್ಷದಿಂದ ಈ ಮನೆಯ ಕೆಲಸದವಳು. ಸೊಂಟದಲ್ಲಿ ಕೀಗೊಂಚಲು.

"ಬರುವ ತಿಂಗಳು ಮಗಳು ನಜ್ಲಾಳ ಮದುವೆ ಉಂಟು ಮೇಡಂ," ಎಂದಳು ಅವಳು. "ಕಳ್ಳಿಯ ಮಗಳು ಅಂತ ಹೆಸರು ಬಂದರೆ ಗಂಡಿನವರು ಉಳೀತಾರಾ?"

ಪ್ರಭಾ ಹಾಜಿಯವರ ಕಡೆ ತಿರುಗಿದಳು. "ಈ ಕಾಗದ ಯಾವತ್ತಾದರೂ ಮನೆಯಿಂದ ಹೊರಗೆ ಹೋದದ್ದುಂಟಾ?"

"ಎರಡು ಸಲ. ಕಳೆದ ಮಳೆಗಾಲ ಕಾಟಿಪಳ್ಳದ ಮೋಹನದಾಸ ಮಾಷ್ಟ್ರ ಹತ್ತಿರ ನಾಲ್ಕು ದಿನ ಇತ್ತು, ಓದಿ ಹೇಳ್ಲಿಕ್ಕೆ. ಆ ಬರಹ ನಮಗೆಲ್ಲಿ ಓದ್ಲಿಕ್ಕೆ ಬರ್ತದೆ? ಜನವರಿಯಲ್ಲಿ ಡೆರಿಲನ ಅಂಗಡಿಗೆ ಫ್ರೇಮ್ ಹಾಕಿಸ್ಲಿಕ್ಕೆ ನಾನೇ ಕೊಂಡುಹೋದೆ."

*

ಮೋಹನದಾಸರು ಇಂಗ್ಲಿಷ್ ಲೆಕ್ಚರರ್ ಆಗಿ ನಿವೃತ್ತರಾದವರು. ದೇವಸ್ಥಾನದ ಪೂಜೆಯ ಮನೆತನ. ಹಣೆಯಲ್ಲಿ ಗಂಧ, ಹಂಚಿನ ಮಾಡಿನ ಮನೆ, ಕಿಟಕಿಯ ಪಕ್ಕ ಓದುವ ಮೇಜು. ಮೇಜಿನ ಮೇಲ್ಗಡೆ ಮಾಡಿನ ಹಲಗೆಯಲ್ಲಿ ನೀರಿಳಿದ ಕಲೆ.

ಒಳಗೆ ಬರುವಾಗ ಪ್ರಭಾಳ ಕಾಲು ನೆಲದಲ್ಲಿದ್ದ ಪೇಪರಿಗೆ ತಾಗಿತು. ಮಾಷ್ಟ್ರು ತಟ್ಟನೆ ಬಗ್ಗಿ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟರು.

"ನೀವು ಯಾವ ಮನೆಯವರು ಮೇಡಂ?"

"ಪಡುಮನೆ. ಸುಳ್ಯದ ಕಡೆ."

"ಓಹೋ! ಹಾಗಾದರೆ ಕಾಪಿನ ಪಡುಮನೆ ಹರಿದಾಸ ಭಟ್ಟರು ನಿಮಗೆ ಎಂತ ಆಗ್ಬೇಕು?"

"ನನಗೆ ಗೊತ್ತಿಲ್ಲ ಸರ್."

"ಎಂತ ಗೊತ್ತಿಲ್ಲ? ಮನೆ ಹೆಸರು ಒಂದೇ ಆದ ಮೇಲೆ ಕುಟುಂಬ ಒಂದೇ. ಮೂಲಕ್ಕೆ ಹೋದರೆ ಸಿಕ್ಕೇ ಸಿಗ್ತದೆ."

ಪ್ರಭಾ ನಕ್ಕು, ಕಾಗದದ ವಿಷಯ ತೆಗೆದಳು. ಮಾಷ್ಟ್ರು ಕಿಟಕಿಯಾಚೆ ನೋಡಿದರು.

"ನಾನು ತಂದದ್ದು ಎರಡು ಹಾಳೆ. ತಿರುಗಿ ಕೊಟ್ಟದ್ದೂ ಎರಡು ಹಾಳೆ."

"ಕಳ್ಳತನದ ಆರೋಪ ನಬೀಸಾಳ ಮೇಲೆ ಬಂದಿದೆ ಸರ್."

ಅವರು ಕುಡಿಯುತ್ತಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. "ಪಾಪ," ಎಂದರು.

*

ಡೆರಿಲನ ಫ್ರೇಮ್ ಅಂಗಡಿ ಹಂಪನಕಟ್ಟೆಯ ಒಂದು ಓಣಿಯಲ್ಲಿ. ಗೋಡೆ ತುಂಬ ಯೇಸು, ಗಣಪತಿ, ಮಕ್ಕಾ. ಮೂಲೆಯ ಶೆಲ್ಫಿನಲ್ಲಿ ಹಳದಿಯಾದ ಖಾಲಿ ಹಾಳೆಗಳ ಕಟ್ಟು. ಪ್ರಭಾಳ ಕಣ್ಣು ಅದರ ಮೇಲೆ ನೆಟ್ಟಿತು.

"ಇದೆಂತ?"

"ಹಳೆ ಪುಸ್ತಕದ ಖಾಲಿ ಹಾಳೆ ಮೇಡಂ. ಹಳೆ ಫೋಟೋದ ಹಿಂದೆ ಇಡ್ಲಿಕ್ಕೆ."

"ಹಾಜಿಯವರ ಕಾಗದಕ್ಕೂ ಇದನ್ನೇ ಇಟ್ಟೆಯಾ? ಅಸಲಿ ತೆಗೆದು?"

ಡೆರಿಲ್ ಸಿಟ್ಟು ಮಾಡಲಿಲ್ಲ. ಮೊಬೈಲ್ ತೆಗೆದು ಬೆರಳಾಡಿಸಿದ. "ಅಂಗಡಿಗೆ ಬರುವ ಪ್ರತಿ ಸಾಮಾನಿನ ಫೋಟೋ ಗಿರಾಕಿಯ ಎದುರೇ ತೆಗೀತೇನೆ. ಇಲ್ಲದಿದ್ದರೆ 'ನೀನೇ ಹರಿದದ್ದು' ಅಂತಾರೆ ಮಾರಾಯ್ರೆ. ನೋಡಿ."

ಜನವರಿಯ ಫೋಟೋ. ಹಾಳೆಗಳ ಅಂಚಿನಲ್ಲಿ ಹಾಜಿಯವರ ಬೆಳ್ಳಿ ಉಂಗುರದ ಬೆರಳು. ಎರಡನೇ ಹಾಳೆಯ ಮೂಲೆಯಲ್ಲಿ ಒಂದು ಶಾಯಿಯ ಚುಕ್ಕೆ. ಚೌಕಟ್ಟಿನ ನಕಲಿ ಹಾಳೆಯಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ.

ಅಂದರೆ ಅದಲುಬದಲು ಆದದ್ದು ಜನವರಿಗೆ ಮೊದಲು. ಡೆರಿಲ್ ಪಾರಾದ. ಉಳಿದವರು ಇಬ್ಬರು. ಒಬ್ಬಳ ಸೊಂಟದಲ್ಲಿ ಕೀ, ಇನ್ನೊಬ್ಬರ ಹಣೆಯಲ್ಲಿ ಗಂಧ. ಊರು ಯಾರನ್ನು ನಂಬುತ್ತದೆಂದು ಬೇರೆ ಹೇಳಬೇಕೇ?

*

ಸ್ಟೇಷನ್ನಿಗೆ ಬಂದು ಪ್ರಭಾ, ಹಾಜಿಯವರ ಮನೆಯಿಂದ ತರಿಸಿಕೊಂಡಿದ್ದ ಮ್ಯೂಸಿಯಂನ ಮೇಲ್ ಪೂರ್ತಿ ಓದಿದಳು. ಝಿಯಾದ್ ಮೊದಲ ನಾಲ್ಕು ಸಾಲಿಗೇ ನಿಲ್ಲಿಸಿದ್ದ. ಅರ್ಧ ಓದಿ ಪೂರ್ತಿ ತೀರ್ಪು ಕೊಡುವವರಿಗೆ ನಮ್ಮಲ್ಲಿ ಬರಗಾಲವಿಲ್ಲ.

ಕೆಳಗೆ ಹೀಗಿತ್ತು: 'ಪ್ಲಾಸ್ ನೆವಿದ್ ಎಂದರೆ ಹೊಸ ಬಂಗಲೆ. ವೇಲ್ಸಿನಲ್ಲಿ ಈ ಹೆಸರಿನ ಮನೆಗಳು ಹಲವು. ಇಬ್ಬರು ಹೆಂಗಸರ ಮನೆ ಲ್ಯಾಂಗೋಲೆನ್ ಕಣಿವೆಯಲ್ಲಿದೆ, ಅಲ್ಲಿ ಸಮುದ್ರವಿಲ್ಲ. ಸಮುದ್ರದ ದಡದಲ್ಲಿರುವುದು ಆಂಗ್ಲೆಸಿ ದ್ವೀಪದ ಮನೆ, ವಾಟರ್‌ಲೂ ಯುದ್ಧದಲ್ಲಿ ಕಾಲು ಕಳೆದುಕೊಂಡ ಮಾರ್ಕ್ವಿಸ್ ದೊರೆಯದ್ದು. ಆ ಹೆಂಗಸರಿಗೂ ದೊರೆಗೂ ರಕ್ತಸಂಬಂಧವಿಲ್ಲ. ನಿಮ್ಮ ಎರಡನೇ ಹಾಳೆಯಲ್ಲಿ ಮಾತ್ರ ಆ ಹೆಂಗಸು ಕಿಟಕಿಯಿಂದ ಸಮುದ್ರ ನೋಡುತ್ತಾಳೆ, ಮರದ ಕಾಲಿನ ದೊರೆಯನ್ನು ತನ್ನ ಕುಟುಂಬದ ಹಿರಿಯ ಎನ್ನುತ್ತಾಳೆ. ಹೀಗೇಕೆ ಬರೆದರೋ ನಮಗೆ ಅರ್ಥವಾಗಲಿಲ್ಲ.'

ವೇಲ್ಸಿನವರಿಗೆ ಅರ್ಥವಾಗದ್ದು ಸುಳ್ಯದ ಪ್ರಭಾಳಿಗೆ ಥಟ್ಟನೆ ಅರ್ಥವಾಯಿತು. ಮೊನ್ನೆಯಷ್ಟೇ ಅಮ್ಮ, ತಮ್ಮನಿಗೆ ಬಂದ ಸಂಬಂಧವನ್ನು 'ಮನೆ ಹೆಸರು ಒಂದೇ, ಹುಡುಗಿ ತಂಗಿ ಆಗ್ತಾಳೆ' ಎಂದು ಬೇಡವೆಂದಿದ್ದರು. ಅವಳೇ ಬರೆದಿದ್ದರೂ ಹೀಗೇ ಬರೆಯುತ್ತಿದ್ದಳು.

*

ಮರುದಿನ ಹನ್ನೊಂದು ಗಂಟೆಗೆ ಪ್ರಭಾ ಎಲ್ಲರನ್ನೂ ಬಂಗಲೆಗೆ ಕರೆಸಿದಳು. ಮೇಲ್ ಓದಿ ಹೇಳಿದಳು.

"ಇದನ್ನು ಬರೆದವರಿಗೆ ಹಳೆ ಇಂಗ್ಲಿಷ್ ಗೊತ್ತು. ಆ ದೊರೆಯ ಕಾಲು ಹೋದ ಕಥೆಯೂ ಗೊತ್ತು. ನಬೀಸಾ ಕೀ ತಿರುಗಿಸಬಹುದು, ಈ ಪೆನ್ನು ಹಿಡಿಯಲಿಕ್ಕೆ ಆಗ್ತದಾ? ಮತ್ತೆ, ಮಾರಲಿಕ್ಕೆ ಕದಿಯುವವರು ಎರಡೂ ಹಾಳೆ ಒಯ್ಯುತ್ತಿದ್ದರು. ಒಂದೇ ಹೋದದ್ದೆಂದರೆ, ಒಂದಕ್ಕೆ ಮಾತ್ರ ಏನೋ ಆಗಿದೆ." ಅವಳು ಮೋಹನದಾಸರ ಕಡೆ ತಿರುಗಿದಳು. "ಒಂದೇ ಹೆಸರಿನ ಎರಡು ಮನೆಯನ್ನು ಒಂದೇ ಕುಟುಂಬ ಮಾಡಿದವರು ನಮ್ಮ ಕಡೆಯವರೇ. ಸರ್, ನಿಮ್ಮ ಮಾಡು ಸೋರಿದ್ದು ಯಾವತ್ತು?"

ಮಾಷ್ಟ್ರ ಮುಖ ಬೆಳ್ಳಗಾಯಿತು. ಪಕ್ಕದಲ್ಲಿದ್ದ ಜೋಳಿಗೆಯನ್ನು ಮಡಿಲಿಗೆಳೆದುಕೊಂಡರು.

"ಜುಲೈಯಲ್ಲಿ," ಎಂದರು. "ಬೆಳಗ್ಗೆ ಪೂಜೆ ಮುಗಿಸಿ ಬರುವಾಗ ಹಾಳೆ ನೀರಿನಲ್ಲಿ ತೇಲ್ತಿತ್ತು. ನಾನಿನ್ನೂ ಅದನ್ನು ಓದಿಯೇ ಇರಲಿಲ್ಲ. ಹಾಜಿಯವರಿಗೆ ಹೇಗೆ ಮುಖ ತೋರಿಸುವುದು? ಹಳೆ ಪುಸ್ತಕದ ಖಾಲಿ ಹಾಳೆ ಕಿತ್ತು ನನಗೆ ತೋಚಿದ್ದನ್ನು ಬರೆದೆ. ಸುಳ್ಳು ಹೇಳಬಾರದು ಅಂತ, ಎರಡು ಹಾಳೆ ಕೊಟ್ಟೆ ಅಂದೆ."

"ಅಸಲಿ ಹಾಳೆ ಮನೆಯಲ್ಲೇ ಉಂಟಲ್ಲ? ಪೇಪರಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ಅದನ್ನು ಬಿಸಾಡುವುದಿಲ್ಲ."

ಅವರು ಜೋಳಿಗೆಯಿಂದ ಪಂಚಾಂಗ ತೆಗೆದರು. ನಡುವೆ ಸುಕ್ಕಾದ ಹಾಳೆ. ಶಾಯಿ ಹರಡಿ ಕಂದು ಮೋಡವಾಗಿತ್ತು. "ದೇವರ ಕೋಣೆಯಲ್ಲಿಟ್ಟಿದ್ದೆ. ನಿನ್ನೆ ನೀವು ನಬೀಸಾಳ ಹೆಸರು ಹೇಳಿದ ಮೇಲೆ ಊಟ ಸೇರಲಿಲ್ಲ."

"ಆದರೂ ನಿನ್ನೆ ಬಾಯಿ ಬಿಡಲಿಲ್ಲ," ಎಂದಳು ಪ್ರಭಾ.

ಮಾಷ್ಟ್ರು ಎದ್ದು ನಬೀಸಾಳಿಗೆ ಕೈ ಮುಗಿದರು. ಹಾಜಿಯವರು ಹಾಳೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಸವರಿದರು. "ಕೇಸ್ ಬೇಡ ಮೇಡಂ. ಹೀಗೇ ಕಳಿಸ್ತೇನೆ. ಅಲ್ಲಿಯವರಿಗೆ ಓದ್ಲಿಕ್ಕೆ ಬಂದರೂ ಬಂದೀತು." ಆಮೇಲೆ ಮಗನ ಕಡೆ ನೋಡಿದರು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆಯಲ್ಲ ಮಾರಾಯ."

ಝಿಯಾದ್ ತಲೆ ಕೆಳಗೆ ಹಾಕಿದ. "ನಾಳೆಯಿಂದ ಬನ್ನಿ," ಎಂದ ನಬೀಸಾಳಿಗೆ.

ನಬೀಸಾ ಸೊಂಟದ ಗೊಂಚಲಿನಿಂದ ಕಪಾಟಿನ ಕೀ ಬಿಡಿಸಿ ಅವನ ಮುಂದಿಟ್ಟಳು.

"ಬರ್ತೇನೆ. ಹಾಜಿಯವರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಬೇರೆ ಇಲ್ಲ. ಆದರೆ ಈ ಕೀ ನಿಮ್ಮ ಹತ್ತಿರವೇ ಇರಲಿ. ಇನ್ನು ಎಂತ ಕಾಣೆಯಾದರೂ ಪೊಲೀಸರು ಮೊದಲು ನಿಮ್ಮನ್ನೇ ಕೇಳಲಿ."

ನಂತರ ಪ್ರಭಾಳ ಕಡೆ ತಿರುಗಿ, ಬೆಳಗಿನಿಂದ ಮೊದಲ ಸಲ ನಕ್ಕಳು. "ನಜ್ಲಾಳ ಮದುವೆಗೆ ಬರಬೇಕು ಮೇಡಂ. ಯೂನಿಫಾರ್ಮಿನಲ್ಲೇ ಬನ್ನಿ, ಎಲ್ಲರೂ ನೋಡಲಿ."