ಎರಡು ಸಲ ಎಳೆದರೆ

ಕಡಲಾಳಕ್ಕಿಳಿದು ಮೀನು ಹಿಡಿಯುವ ಸೆಡಾನ ತಂದ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದದ ಒಂದು ಬಿಲದ ಮೀನು, ಕೆಂಪು ಪಟ್ಟೆಯ ಒಂದು ಸೀಗಡಿ ಇದ್ದವು. ನಮ್ಮ ಅಲಂಕಾರದ ಮೀನಿನ ಗೋದಾಮಿಗೆ ದಿನವೂ ಬರುವ ಮಾಲು ಎಂದುಕೊಂಡು ಎರಡನ್ನೂ ಬೇರೆ ಬೇರೆ ತೊಟ್ಟಿಗೆ ಬಿಡಹೊರಟೆ.

"ಅವನ್ನ ಅಗಲಿಸ್ತೀಯಾ, ಲುಹ್? ಇದು ಮಾರೋಕಲ್ಲ. ನಿನಗೆ."

ಹುಡುಗಿಯನ್ನು ಲುಹ್ ಎಂದು, ತನಗಿಂತ ದೊಡ್ಡ ಹುಡುಗನನ್ನು ಬ್ಲಿ ಎಂದು ಕರೆಯುವುದು ನಮ್ಮೂರ ವಾಡಿಕೆ; ಆದರೂ ನನ್ನ ಕಿವಿ ಬೆಚ್ಚಗಾಯಿತು.

ಸಂಜೆ ನಮ್ಮ ಜಗಲಿಯಲ್ಲಿದ್ದ ಗಾಜಿನ ತೊಟ್ಟಿಗೆ ಮರಳು ಸುರಿದೆವು. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೆ. ಬಿಲ ತೋಡುವಾಗಲೂ ಒಂದು ಮೀಸೆಯನ್ನು ಮೀನಿಗೆ ತಾಗಿಸಿಕೊಂಡಿರುತ್ತದೆ. ಅಪಾಯ ಕಂಡು ಮೀನು ಬಾಲ ಅದುರಿಸಿದರೆ ಎರಡೂ ಬಿಲದೊಳಗೆ. ಸೆಡಾನ ಮರಳಿನ ಮೇಲೆ ಹವಳದ ಕಲ್ಲನ್ನಿಟ್ಟ. ಕಲ್ಲು ಮೊದಲು ಗಾಜಿನ ತಳಕ್ಕೆ ಕೂರಬೇಕು, ಇಲ್ಲದಿದ್ದರೆ ಸೀಗಡಿ ಅಡಿಯಲ್ಲಿ ತೋಡಿದಂತೆ ಕುಸಿಯುತ್ತದೆ. ನನಗದು ಗೊತ್ತಿತ್ತು. ಅವನು ಒದ್ದೆ ತೋಳನ್ನು ಒರೆಸಿಕೊಳ್ಳುತ್ತ ನನ್ನತ್ತ ನೋಡಿದ ನೋಟಕ್ಕೆ ಸುಮ್ಮನಾದೆ.

ಆಮೇಲೆ ಕಾಫಿ ಕೊಟ್ಟೆ. ಸುಡುವ ಲೋಟವನ್ನು ಅಂಗೈಯಲ್ಲಿ ಅದುಮಿ ಹಿಡಿದ.

"ಬ್ಲಿ, ಕೈ ಸುಡ್ತಿಲ್ವಾ?"

"ನೀನು ಪಕ್ಕದಲ್ಲಿದ್ರೆ ಯಾವುದೂ ಸುಡಲ್ಲ."

ನಕ್ಕೆ. ಅವನ ಅಂಗೈ ಮಾತ್ರ ಕೆಂಪಾಗಿತ್ತು. ದೋಣಿಯ ಕಂಪ್ರೆಸರಿನಿಂದ ಗಾಳಿ ತರುವ ಪೈಪು ಕಚ್ಚಿಕೊಂಡು ಆಳಕ್ಕಿಳಿಯುವ ನಮ್ಮೂರ ಗಂಡಸರಿಗೆ ಮೊದಲು ಬೆರಳು ಮರಗಟ್ಟುತ್ತದೆ, ಆಮೇಲೆ ಕಾಲು. ಇನ್ನು ಮೂರು ದಿನ ಆಳದ ಕೆಲಸ, ಮುಗಿದ ಮೇಲೆ ಹೆಣ್ಣು ಕೇಳಲು ಹಿರಿಯರನ್ನು ಕಳಿಸುತ್ತೇನೆ ಎಂದ. ಆಗಲೂ ನಾನು ಇಳಿಯಬೇಡ ಎನ್ನಲಿಲ್ಲ.

ಮೂರನೆಯ ಬೆಳಿಗ್ಗೆ ತೊಟ್ಟಿಯಲ್ಲಿ ದಬ್ ಎಂಬ ಸದ್ದು. ಕಲ್ಲು ಮರಳಿಗೆ ಹೂತುಹೋಗಿತ್ತು. ಮೀನು ಮುಚ್ಚಿದ ಬಿಲದ ಮೇಲೆ ನಿಂತು ಬಾಲ ಅದುರಿಸುತ್ತಲೇ ಇತ್ತು. ಮೀಸೆ ಎಲ್ಲೂ ಕಾಣಲಿಲ್ಲ.

ಸೆಡಾನನ ಕೆಂಪಾದ ಅಂಗೈ ನೆನಪಾಗಿ, ಕಲ್ಲೆತ್ತಲೂ ನಿಲ್ಲದೆ ಕಡಲಿಗೆ ಓಡಿದೆ.

ಅವನ ದೋಣಿ ದಡಕ್ಕೆ ಹತ್ತಿರವೇ ಇತ್ತು. ಈಜಿ ಹತ್ತಿದೆ. ಪೈಪು ಕಾಯುತ್ತಿದ್ದ ಅವನ ಚಿಕ್ಕಪ್ಪ, ಈಗಷ್ಟೇ ಇಳಿದಿದ್ದಾನೆ, ಇಷ್ಟು ಬೇಗ ಕರೆದರೆ ರೇಗುತ್ತಾನೆ ಎಂದರು. ರೇಗಲಿ ಎಂದು ಪೈಪು ಕಸಿದುಕೊಂಡೆ. ಎರಡು ಸಲ ಎಳೆದರೆ ಮೇಲೆ ಬಾ ಎಂದರ್ಥ. ಕೆಳಗಿನವನು ಒಂದು ಸಲ ಎಳೆದು ಉತ್ತರಿಸಬೇಕು.

ಎರಡು ಸಲ ಎಳೆದೆ. ಉತ್ತರವಿಲ್ಲ.

ಮತ್ತೆ ಎಳೆದೆ. ಕಂಪ್ರೆಸರ್ ಗುಡುಗುಡು ಎನ್ನುತ್ತಿತ್ತು. ಚಿಕ್ಕಪ್ಪ ತಾವೇ ಇಳಿಯಲು ಅಂಗಿ ಬಿಚ್ಚತೊಡಗಿದರು.

ಆಗ ಪೈಪು ಅಲುಗಿತು. ಒಂದೇ ಸಲ, ಮಗು ಸೆರಗು ಜಗ್ಗಿದಷ್ಟು.

ಆಳದಿಂದ ಥಟ್ಟನೆ ಬಂದರೆ ಮೈ ಇನ್ನಷ್ಟು ಮರಗಟ್ಟುತ್ತದೆಂದು ನಿಧಾನವಾಗಿ, ತಡೆತಡೆದು ಅವನನ್ನು ಮೇಲೆ ತಂದೆವು. ತುಟಿ ನೀಲಿಗಟ್ಟಿತ್ತು.

"ಸೊಂಟದ ಕೆಳಗೆ ಏನೂ ಗೊತ್ತಾಗ್ತಿಲ್ಲ, ಲುಹ್. ನೀನು ಎಳೆದದ್ದು ಮಾತ್ರ ಗೊತ್ತಾಯ್ತು."

"ನಾನು ಅಂತ ಹೇಗೆ ಗೊತ್ತು?"

"ಚಿಕ್ಕಪ್ಪ ಅಷ್ಟು ಹೆದರ್ಕೊಂಡು ಎಳೆಯಲ್ಲ."

"ಮೊನ್ನೆನೇ ನಾನು ಹೇಳ್ಬೇಕಿತ್ತು, ಬ್ಲಿ. ನೀನು ಹೇಗಿದ್ರೂ ಸರಿ, ನನಗೆ ನೀನೇ ಬೇಕು. ಇನ್ಮೇಲೆ ಇಳೀಬೇಡ."

ಎತ್ತರಕ್ಕೆ ಹೋದರೆ ಈ ಕಾಯಿಲೆ ಹೆಚ್ಚುತ್ತದೆಂದು ಡೆನ್ಪಸಾರದ ಆಸ್ಪತ್ರೆಗೆ ಬೆಟ್ಟ ಹತ್ತದೆ ಕರಾವಳಿಯ ದಾರಿಯಲ್ಲೇ ಹೊರಟೆವು. ಪಿಕಪ್‌ನ ಹಿಂದೆ ಅವನ ಕೈ ನನ್ನ ಕೈಯಲ್ಲಿತ್ತು. ಪ್ರತಿ ತಿರುವಿನಲ್ಲೂ ನಾನು ಎರಡು ಸಲ ಒತ್ತುತ್ತಿದ್ದೆ, ಅವನು ಒಂದು ಸಲ ಒತ್ತುತ್ತಿದ್ದ.

ಪ್ರತಿ ಸಲವೂ ಉತ್ತರ ಬರಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನಾನು ಒತ್ತುತ್ತಲೇ ಇದ್ದೆ.